ಷರಾ

ಮುಖಪುಟದಲ್ಲಿ ಹೆಸರಿಗಿಂತ ದೊಡ್ಡದು ಆ 'ಡಾ.',
ಚುಕ್ಕೆಯೊಂದೇ ಬಂಗಡೆಯ ಕಣ್ಣಿನಷ್ಟಿದೆ.
ಡಾ. ವಾಮನ ದುರ್ಗೇಕರ, ಸಾಗರ ವಿಜ್ಞಾನಿ, ಕಾರವಾರ.
ಕೂರ್ಮಗಡದ ಆಚೆ, ನಲವತ್ತು ಮಾರು ಆಳದಲ್ಲಿ
ಯಾರೋ ಇಳಿಸಿಟ್ಟ ಯಂತ್ರವೊಂದು ಇದೆಯಂತೆ.
ಭರತಿ ಎಳೆಯುವುದು ಅದೇ ಅಂತೆ,
ಚಂದ್ರ ಬರೀ ತೋರಿಕೆಗೆ.

ಗ್ರಂಥಾಲಯ ಸಮಿತಿ ಸೋಮವಾರ ಕೂತು ಹೇಳಿತು:
"ಅಕ್ಕೋರೇ, ಈ ಡಾಕ್ಟರಿಕೆ ಖರೆಯೋ ಖೊಟ್ಟಿಯೋ ನೋಡಿ.
ಖರೆಯಾದರೆ ವಿಜ್ಞಾನದ ಕಪಾಟು. ಅಲ್ಲದಿದ್ದರೆ ವಾಪಸ್."
ಕತೆಯ ಕಪಾಟಿಗೆ ಗೆದ್ದಲು ಔಷಧ ಹೊಡೆದಿತ್ತು,
ಆ ಮಾತೇ ಏಳಲಿಲ್ಲ.

ಹಿಂಬದಿಯಲ್ಲಿ ವಿದ್ಯಾಪೀಠದ ನಂಬರು.
ಎತ್ತಿದ್ದು ಮಾಪ್ಸಾದ ಛತ್ರಿ ರಿಪೇರಿಯವ.
"ಹೌದು ಬಾಯಿ, ವಿದ್ಯಾಪೀಠ ನಮ್ಮ ಮಾಳಿಗೆ ಮೇಲಿತ್ತು.
ಬಾಡಿಗೆ ಕೊಡದೆ ಹೋದರು,
ಒಂದು ಗಾದಿ, ನಾಲ್ಕು ಕಪ್ಪು ಗೌನು ಬಿಟ್ಟು.
ಬಟ್ಟೆ ಒಳ್ಳೆಯದು. ಛತ್ರಿಗೆ ಆಯಿತು."

ಅಷ್ಟಕ್ಕೇ ಷರಾ ಬರೆದು ಫೈಲು ಮುಚ್ಚಬಹುದಿತ್ತು.
ಆದರೆ ಹದಿನೇಳನೇ ಪುಟದಿಂದ ಒಂದು ಕೋಷ್ಟಕ:
ದಿನಾಂಕ, ಗಂಟೆ, ಭರತಿ, ಇಳಿತ,
ತಿಂಗಳಿಗೊಂದು ಪುಟ, ಹನ್ನೊಂದು ವರ್ಷ.
ಸುಳ್ಳು ಹೇಳುವವ
ಇಷ್ಟು ಬೇಸರದ್ದನ್ನು ಹೇಳುವುದಿಲ್ಲ.

ಬೈತಖೋಲಕ್ಕೆ ಟೆಂಪೋ ಹತ್ತಿದೆ.
ಬಂದರು ಕಚೇರಿಯಲ್ಲಿ ಹಳೇ ಹಾಜರಿ ಪುಸ್ತಕ ಕೊಡವುತ್ತ
ನಾಗಪ್ಪ ಹರಿಕಂತ್ರ ಸೀನಿದ, ಒರೆಸಿಕೊಂಡ, ಹೇಳಿದ:
"ವಾಮನನಾ? ನಮ್ಮ ಭರತಿಕೋಲು ಓದುವವ. ದಿನಗೂಲಿ.
ಆಷಾಢದ ಗಾಳಿಯಲ್ಲೂ ಲಾಟೀನು ಹಿಡಿದು ಇಳಿಯುತ್ತಿದ್ದ,
ನೀರು ಎಷ್ಟು ಬಂತು, ಎಷ್ಟು ಹೋಯಿತು, ಬರೆಯುತ್ತಿದ್ದ.
ಆ ಪಟ್ಟಿ ನಾವು ಮೇಲಿನವರಿಗೆ ಕಳಿಸುತ್ತಿದ್ದೆವು.
ಮೇಲಿನವರು ಅಂದರೆ ಯಾರು,
ನಮಗೂ ಗೊತ್ತಿಲ್ಲ."

ಆಮೇಲೆ ಅರ್ಗಾದಲ್ಲಿ ಗೋಡೆ ಬಂತು.
ಅವನ ಮನೆ, ಒಂಬತ್ತು ತೆಂಗು, ದೋಣಿ ಎಳೆಯುವ ದಿಬ್ಬ
ಆಚೆಗೆ ಹೋದವು.
ಹೊಸ ಪ್ಲಾಟಿನಿಂದ ಅಲೆಯ ಸದ್ದು ಮಾತ್ರ ಕೇಳುತ್ತದೆ.
ಕೇಳುತ್ತ ಕೇಳುತ್ತ ಒಂದು ರಾತ್ರಿ
ಅದರೊಳಗೆ ಮೋಟಾರು ಕೇಳಿಸಿತೋ ಏನೋ.

ಗುರುವಾರ ಆತನೇ ಬಂದ.
ಇಸ್ತ್ರಿಯ ಅಂಗಿ, ಜೇಬಿನಲ್ಲಿ ಎರಡು ಪೆನ್ನು.
"ಡಾಕ್ಟರೇಟು ಎಷ್ಟಕ್ಕೆ ಬಿತ್ತು?" ಕೇಳಿಯೇಬಿಟ್ಟೆ.
"ಹದಿನೆಂಟು ಸಾವಿರ. ದೋಣಿಯ ಪಾಲು ಮಾರಿದೆ."
ಮುಚ್ಚಿಡಲಿಲ್ಲ.
"ಆ ಎರಡಕ್ಷರ ಇಲ್ಲದೆ ಹನ್ನೊಂದು ವರ್ಷ ಬರೆದೆನಲ್ಲ,
ಒಬ್ಬರಾದರೂ ಓದಿದರಾ ಅಕ್ಕೋರೇ?"
"ಮತ್ತೆ ಯಂತ್ರ?"
"ಯಂತ್ರ ಇದೆ," ಅಂದ, ಗೋಡೆ ಗಡಿಯಾರ ನೋಡುತ್ತ.
"ಇವತ್ತು ನಾಲ್ಕು ಹನ್ನೆರಡಕ್ಕೆ ಪೂರ್ತಿ ಭರತಿ."

ಬೀಗ ಹಾಕಿ ಕಡಲತಡಿಗೆ ನಡೆದೆ.
ನಾಲ್ಕು ಹನ್ನೆರಡು.
ನೀರು ಬಂತು, ಚಪ್ಪಲಿಯ ಬಾರು ಮುಟ್ಟಿ ನಿಂತಿತು.
ಮೇಲೆ ನೋಡಿದೆ. ಚಂದ್ರ ಎಲ್ಲೂ ಇರಲಿಲ್ಲ.
ಇರುವುದಿಲ್ಲ ಆ ಹೊತ್ತಿಗೆ, ಗೊತ್ತು.
ಆದರೂ ನೋಡಿದೆ.

ಸಮಿತಿಗೆ ಬರೆದೆ: ಡಾ. ಖೊಟ್ಟಿ. ಯಂತ್ರ ಖೊಟ್ಟಿ.
ಹದಿನೇಳರಿಂದ ನೂರಾ ನಲವತ್ತೆಂಟರ ತನಕ ಖರೆ.
ಅಷ್ಟೇ ಪುಟಗಳಿಗೆ ಕಪಾಟು ಉಂಟೇ, ತಿಳಿಸುವುದು.
ಉತ್ತರ ಬಂದಿಲ್ಲ.
ಮಧ್ಯಾಹ್ನದ ಗಾಳಿಗೆ ಬಾಗಿಲು ಬಡಿಯದಂತೆ
ಪುಸ್ತಕವನ್ನು ಅಡ್ಡ ಇಡುತ್ತೇನೆ,
ಮುಖಪುಟ ಕೆಳಗೆ ಮಾಡಿ.