ಆಹೇ, ಹೋತಾ

ಸಂಜೆ ಐದೂವರೆಗೆ, ಸ್ವಾರಗೇಟ್ ಬಸ್ಸು
ಹುಡುಗರನ್ನೆಲ್ಲ ತುಂಬಿಕೊಂಡು ಹೋದ ಮೇಲೆ
ನಾನು ಪಟ್ಟಿ ಅಂಟಿಸುತ್ತೇನೆ.
ಹನ್ನೊಂದು ವರ್ಷದಿಂದ ಇದೇ ಹೊತ್ತು. ಯಾರೂ ಹೇಳಿದ್ದಲ್ಲ.
ಬೆಳಿಗ್ಗೆ ಅಂಟಿಸಿದರೆ
ನೋಟೀಸ್ ಬೋರ್ಡಿನ ಗಾಜಿನಲ್ಲಿ
ಬೆನ್ನ ಹಿಂದೆ ನಿಂತವರ ಮುಖ ಕಾಣುತ್ತದೆ.

ನಿಯಮ ಸಣ್ಣದು.
ಮೂರು ವಿಷಯ ಉಳಿದರೆ
ಹೊತ್ತುಕೊಂಡೇ ಮುಂದಿನ ವರ್ಷಕ್ಕೆ ಹೋಗಬಹುದು.
ನಾಲ್ಕಾದರೆ ಇಯರ್ ಡೌನ್.
ಹುಡುಗರು ವೈಡಿ ಅನ್ನುತ್ತಾರೆ,
ಬೀಡಿಗೆ ಬೆಂಕಿ ಕೇಳುವ ಗೆಳೆಯನ ಹೆಸರಿನ ಹಾಗೆ.
ಮೂರಕ್ಕೂ ನಾಲ್ಕಕ್ಕೂ ನಡುವೆ ಏನಿದೆ ಎಂದು
ಗಣಿತದ ಪಾನ್ಸೆ ಸರ್ ಕೂಡ ಹೇಳಲಾರರು.
ಒಂದು ಕಿಟಕಿ ಇದೆ.
ಅದರ ಒಳಗೆ ನಾನು ಕೂತಿರುತ್ತೇನೆ.

ಕಳೆದ ಜುಲೈ, ಮಧ್ಯಾಹ್ನ, ಒಬ್ಬ ಬಂದ.
ಭೀಮಾಶಂಕರ ಹಂಚಿನಾಳ. ಮೆಕ್ಯಾನಿಕಲ್.
ನಾಲ್ಕನೆಯದರಲ್ಲಿ ಮೂವತ್ತೆಂಟು, ಬೇಕಾದದ್ದು ನಲವತ್ತು.
ಬೋನಾಫೈಡ್ ಕೊಡಿ ಅಂದ ಮರಾಠಿಯಲ್ಲಿ,
ಬಸ್ ಪಾಸಿಗೆ.
ಹಾಜರಿ ಪುಸ್ತಕ ತೆಗೆದೆ. ಹೆಸರಿಲ್ಲ.
ಇರುವುದಿಲ್ಲ ಎಂದು ಗೊತ್ತಿದ್ದೇ ತೆಗೆದೆ,
ಅಷ್ಟು ಹೊತ್ತು ಅವನ ಮುಖ ನೋಡುವುದು ತಪ್ಪಲಿ ಎಂದು.
ಈ ಟರ್ಮಿಗೆ ನೀ ನಮ್ಮ ವಿದ್ಯಾರ್ಥಿ ಅಲ್ಲಪಾ,
ಬಾಯಿ ತಪ್ಪಿ ಕನ್ನಡ ಬಂತು, ಇಂಡಿ ಕಡೆಯದು, ನಮ್ಮವ್ವನದು.
ಅವನ ಕಣ್ಣು ಕಿಟಕಿಗಿಂತ ಅಗಲವಾಯಿತು.
‘ನೀವು ನಮ್ಮವ್ರೇನ್ರೀ?’

ನಮ್ಮವರು.
ಅದಕ್ಕೆ ನನ್ನ ಡ್ರಾಯರಿನಲ್ಲಿ ಫಾರ್ಮ್ ಇಲ್ಲ.

ಬೋನಾಫೈಡಿನಲ್ಲಿ ಇರುವುದು ಒಂದೇ ವಾಕ್ಯ.
ಶಿಕತ ಆಹೇ ಅಂದರೆ ಪಾಸು, ಶಿಕತ ಹೋತಾ ಅಂದರೆ ಪೂರಾ ಟಿಕೆಟ್ಟು.
ಕನ್ನಡದಲ್ಲಿ ಇನ್ನೂ ಕಡಿಮೆ:
ಓದುತ್ತಿದ್ದಾನೆ.
ಬಾಲದಲ್ಲಿ ಒಂದು ಆನೆ.
ಅದು ಬಿದ್ದರೆ, ಓದುತ್ತಿದ್ದ, ಅಷ್ಟೇ.
ಆನೆ ಇದ್ದರೂ ಸಾವಿರ ಸತ್ತರೂ ಸಾವಿರ ಅನ್ನುತ್ತಿದ್ದಳು ಅವ್ವ.
ಇಲ್ಲಿ ಸತ್ತರೆ
ದಿನಕ್ಕೆ ನಲವತ್ತು, ಹೋಗಿ ಬರಲು.

ಕೊಡಲಿಲ್ಲ.
ಮೊಹರು ಕೈಯಲ್ಲೇ ಇತ್ತು, ಶಾಯಿ ಹಸಿಯಿತ್ತು,
ಸಾಹೇಬರು ಚಹಾಕ್ಕೆ ಹೋಗಿದ್ದರು. ಕೊಡಲಿಲ್ಲ.
ಒಂಬತ್ತನೇ ನಂಬರಿನ ಫಾರ್ಮ್ ತುಂಬು ಅಂದೆ,
ಲೇಟ್ ಫೀ ಬೀಳುವ ಮೊದಲು. ನವೆಂಬರಿಗೆ ಕೂಡು.
ಮತ್ತೆ, ಯಾರೂ ಕೇಳದಿದ್ದರೂ:
ಮನೆಯಲ್ಲಿ ಹೇಳೀಯಿಲ್ಲೋ?

‘ಅಪ್ಪಗ ಗೊತ್ತೈತ್ರೀ. ಅವ್ವಗ ಹೇಳಬ್ಯಾಡ ಅಂದಾರ.
ಆಕಿ ದಿನಾ ಡಬ್ಬಿ ಕಟ್ತಾಳ್ರೀ,
ನಾ ಪರ್ವತಿ ಮೆಟ್ಟಿಲಮ್ಯಾಗ ಕುಂತು ಉಣ್ತೀನಿ.’
ಅಪ್ಪ ಕ್ರೇನ್ ನಡೆಸುತ್ತಾನಂತೆ, ಮೆಟ್ರೋ ಕೆಲಸದಲ್ಲಿ.
ಹಿಂದೊಮ್ಮೆ ಕೆಲಸ ಹೋದಾಗ
ಅವನೂ ಮೂರು ತಿಂಗಳು ಅದೇ ಮೆಟ್ಟಿಲ ಮೇಲೆ
ಅದೇ ಡಬ್ಬಿ ಬಿಚ್ಚುತ್ತಿದ್ದನಂತೆ.
‘ಮ್ಯಾಲಿನ ಮೆಟ್ಟಿಲಕ ನೆಳ್ಳಿಲ್ಲ, ಎಡಕ ಕೂಡು ಅಂತ ಹೇಳ್ಯಾರ್ರೀ.’
ಹೇಳಿ ನಕ್ಕ.
ನಾನು ನಗಲೋ ಬೇಡವೋ ಎನ್ನುವಷ್ಟರಲ್ಲಿ
ಹಿಂದಿನ ಹುಡುಗಿ ಮಾರ್ಕ್ಸ್ ಕಾರ್ಡ್ ತೂರಿಸಿದಳು.

ಇವತ್ತು ಈ ವರ್ಷದ ಪಟ್ಟಿ.
ಗೋಂದು ಸವರುತ್ತ ಹ ಅಕ್ಷರಕ್ಕೆ ಬಂದೆ:
ಹಜಾರೆ, ಹಲಗೇಕರ್, ಹಿರೇಕುರುಬರ.
ಅವನಿಲ್ಲ.
ಬಿದ್ದವರಿಗೆ ಪಟ್ಟಿ ಇದೆ; ಎದ್ದವರಿಗೂ
ಎದ್ದು ಹೋದವರಿಗೂ ನಾವು ಕಾಗದ ಖರ್ಚು ಮಾಡುವುದಿಲ್ಲ.
ಒಳಗೆ ಹೋಗಿ ಎರಡು ಗುಂಡಿ ಒತ್ತಿದ್ದರೆ
ಪರದೆ ಹೇಳುತ್ತಿತ್ತು.
ಕಂಪ್ಯೂಟರ್ ಆಗಲೇ ಮಲಗಿಸಿದ್ದೆ ಎಂದು
ನನಗೆ ನಾನೇ ಹೇಳಿಕೊಂಡೆ.

ಬಸ್ಸಿನಲ್ಲಿ ಬೆರಳ ಮೇಲಿನ ಗೋಂದು ಒಣಗಿ
ಸಿಪ್ಪೆಯಾಗಿ ಏಳುತ್ತಿತ್ತು, ನನ್ನದೇ ಗೆರೆಗಳ ಸಮೇತ.
ಕಂಡಕ್ಟರ್ ಬಂದು ನಿಂತ: ಪಾಸ್?

ಆಹೇ, ಅಂದೆ,
ಇನ್ನೂ ಚೀಲ ತೆರೆದೇ ಇರಲಿಲ್ಲ.