ಜೂನ್ ಒಂದು

ಉಮದಿಯ ಕನ್ನಡ ಶಾಲೆಯಲ್ಲಿ ಆ ವರ್ಷ
ಹುಟ್ಟಿದ ತಾರೀಖು ಯಾರ ಹತ್ತಿರವೂ ಇರಲಿಲ್ಲ.
ಬಲಗೈ ತಲೆಯ ಮೇಲಿಂದ ಬಳಸಿ
ಎಡಗಿವಿ ಮುಟ್ಟಿದರೆ ಆರು ತುಂಬಿದ ಲೆಕ್ಕ.
ಜೂನ್ ಒಂದು ಅಂತ ಬರೆಯುತ್ತಿದ್ದೆ.

ಮಾಳಿಂಗರಾಯನ ಕೈ ಉದ್ದ.
‘ಕಬ್ಬಿನ ಫಡದಾಗ ಹಡದೇನ್ರಿ, ಥಂಡಿ ದಿನ’
ಅವನವ್ವ ಅಂದದ್ದು ಕೇಳಿಸಿತ್ತು.
ರಜಿಸ್ಟರಿನಲ್ಲಿ ಥಂಡಿಗೆ ಕಾಲಂ ಇರಲಿಲ್ಲ.

ಮೊನ್ನೆ ಕೊಲ್ಹಾಪುರದ ಭರತಿಯಿಂದ ತಿರುಗಿ ಬಂದ.
ಓಡಲಿಕ್ಕೇ ಬಿಡಲಿಲ್ಲವಂತೆ.
ಎದೆಗೆ ಅಂಟಿಸುವ ನಂಬರೂ ಕೊಡದೆ
ಗೇಟಿನ ಹವಾಲ್ದಾರ ನಾಲ್ಕು ಬೆರಳು ತೋರಿಸಿದನಂತೆ:
ನಾಲ್ಕು ತಿಂಗಳು ಹೆಚ್ಚು.

ದಾಖಲೆ ಬಿಚ್ಚಿ ಮುಂದಿಟ್ಟ.
ನನ್ನದೇ ಅಕ್ಷರ. ನೀಲಿ, ದುಂಡಗೆ,
ಒಂದು ಒತ್ತೂ ತಪ್ಪಿಲ್ಲ.

‘ತಿದ್ದಾಕ ಬರ್ತದೇನ್ರಿ ಸರ?’
ಜತ್ತ, ಸಾಂಗಲಿ, ವಕೀಲ, ಅಫಿಡವಿಟ್ಟು...
ನಾನು ಹೇಳುತ್ತ ಹೋದಂತೆ ಅವನಿಗೆ
ಇನ್ನೂ ಒಂದು ವರ್ಷ ಏರಿದ ಹಾಗಾಯಿತು.

‘ನಲವತ್ತೆರಡರ ತನಕ ತಗೊಳ್ಳೋ ಇನ್ನೊಂದು ಸೇನಾ ಐತಂತ್ರಿ.
ಅದಕ್ಕ ಮೊದಲ ಒಂದು ನೌಕರಿ ಇರಬೇಕಂತ.’
ನಕ್ಕ.

ಚಹಾ ಆರಿತು.
ಸುಮ್ಮನೆ ಕೂತಿದ್ದವನು ಬಲಗೈ ಎತ್ತಿ,
ಏನೋ ಯೋಚಿಸುತ್ತ, ತಲೆಯ ಮೇಲಿಂದ
ಎಡಗಿವಿ ತುರಿಸಿಕೊಂಡ.