ಠರಾವು ನಂಬರ್ ಹನ್ನೊಂದು

ಬನಹಟ್ಟಿಯಲ್ಲಿ ಮಗ್ಗ ನಿಂತ ದಿನ
ಕಿವಿಯೊಳಗೆ ಒಂದು ಗುಂಯ್ ಉಳಿದಿರುತ್ತದೆ.
ಅದನ್ನೇ ಕೇಳುತ್ತ ಕೂತಿದ್ದೇವೆ ಸೈಜಿಂಗ್ ಮಿಲ್ಲಿನ ಹಿಂದಿನ ಖೋಲಿಯಲ್ಲಿ,
ಆರು ಮಂದಿ ಸದಸ್ಯರು, ಒಂದು ಪರಾತ ಚುರುಮುರಿ,
ಮತ್ತೆ ನಾನು, ಕಾರ್ಯದರ್ಶಿ,
ಠರಾವು ಪುಸ್ತಕದ ಮೇಲೆ ಟೊಪ್ಪಿಗೆ ತೆಗೆದ ಪೆನ್ನು ಹಿಡಿದು.

ಮಿರಜದ ಕ್ಲಬ್ಬಿನವರ ಕಾಗದ ಬಂದಿದೆ:
ನಿಮ್ಮ ಮಲಕಪ್ಪನನ್ನು ನಮಗೆ ಕೊಡಿ,
ಹದಿನಾರು ವರ್ಷ, ಆರಡಿ ಎರಡಿಂಚು, ಇನ್ನೂ ಬೆಳೆಯುತ್ತಾನೆ.
ನಮ್ಮ ದಿನಕರ ಸಾಳುಂಖೆಯನ್ನು ತಗೊಳ್ಳಿ,
ಮೂವತ್ತೈದು, ರೈಲ್ವೆಗೆ ಆಡಿದವನು.
ಮೇಲೆ ಇಪ್ಪತ್ತೈದು ಸಾವಿರ ರೊಕ್ಕ.

ನೂಲಿನ ಶಂಕ್ರೆಪ್ಪನವರು ಕಾಗದ ಮಡಚಿ ಅಂದರು:
"ಸಸಿ ಹಚ್ಚಿ ಕುಂತರ ಹಣ್ಣು ಯಾವಾಗ ತಿನ್ನೂದು?
ಹನ್ನೊಂದು ವರ್ಷ ಆತು,
ಜಮಖಂಡಿ ದಾಟಿ ಮುಂದಕ್ಕ ಹೋಗಿಲ್ಲ ನಮ್ಮ ಟೀಮು.
ನನಗ ಈ ಸಲ ಕಪ್ ಬೇಕು.
ನನಗ ಅರವತ್ತೆಂಟು."

ಕೊನೆಯ ಮಾತಿಗೆ ಯಾರೂ ಎದುರು ಆಡಲಿಲ್ಲ.

ಜೈಬುನ್ನಿಸಾ ಟೀಚರು ಚುರುಮುರಿಯೊಳಗಿನ ಶೇಂಗಾ ಅಷ್ಟೇ ಆರಿಸುತ್ತ:
"ಸಾಳುಂಖೆ ಚಲೋ ಆಟಗಾರ, ಇಲ್ಲಂದವರ್ಯಾರು?
ಎರಡು ವರ್ಷ ಆಡ್ತಾನ.
ಮೂರನೇ ವರ್ಷ ಏನ್ ಮಾಡ್ತೀರಿ,
ಅವನ ಮೊಣಕಾಲು ಮಾರ್ತೀರೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ, ತುಸು ತಡವಾಗಿ.

ಯಾಕಂದರೆ ಹದಿನೇಳಕ್ಕೆ ನಾನೂ ಈ ಊರಿನ ಮುಂದಿನ ವರ್ಷ ಆಗಿದ್ದೆ.
ಮುಂದಿನ ವರ್ಷ ನೋಡ್ರಿ ಇವನ್ನ, ಅನ್ನುತ್ತಿದ್ದರು ಚಹಾದಂಗಡಿಯಲ್ಲಿ,
ಮುಂದಿನ ವರ್ಷವೂ ಅದನ್ನೇ ಅಂದರು.
ಐದಡಿ ಹತ್ತಿಂಚಿಗೆ ನನ್ನ ಎಲುಬು ಸಾಕೆಂದವು.
ಈಗ ಮಗ್ಗದ ಮೋಟರ್ ಸುತ್ತುತ್ತೇನೆ, ತಾಮ್ರದ ತಂತಿ, ಗಿರಾಕಿಗೆ ಗಿರಾಕಿ.

ಮತ್ತು ಅದೇ ಕಾಲಕ್ಕೆ ಬೆಳಗಾವಿ ಕ್ಯಾಂಪಿನಿಂದ
ಒಂದೇ ಹಂಗಾಮಿಗೆಂದು ಬಂದಿದ್ದ ಫಿಲೋಮಿನ್ ಮಾಸ್ತರ,
ಹೊಟ್ಟೆ ಬಂದವನು, ಜಿಗಿದರೆ ಕೆಳಗೆ ಪೇಪರು ಸರಿಸಬಹುದಿತ್ತು, ಅಷ್ಟೇ.
"ಜಿಗೀಬ್ಯಾಡೋ, ಮೊದಲ ಹೋಗಿ ನಿಲ್ಲು" ಅಂದ.
ಇಡೀ ಆಟದಲ್ಲಿ ನನಗೆ ಉಳಿದದ್ದು ಅದೊಂದೇ.
ಕಪ್ ಬರಲಿಲ್ಲ ಆ ವರ್ಷವೂ.

ಇವತ್ತು ಮುಂಜಾನೆ, ಯಾರೂ ಕರೆಯದೆ,
ಸಾಳುಂಖೆ ಮೊದಲ ಬಸ್ಸಿಗೆ ಬಂದಿಳಿದ.
ತಾನು ಬರಬೇಕಾದ ಅಂಗಳ ಹೆಂಗಿದೆ ನೋಡಲಿಕ್ಕೆ.
ಸಿಮೆಂಟಿನ ಬಿರುಕನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿದ,
ದನ ಕೊಳ್ಳುವವನು ಹಲ್ಲು ನೋಡಿದ ಹಾಗೆ.
ಮಲಕಪ್ಪ ಆಗಲೇ ಅಲ್ಲಿದ್ದ, ಬರಿಗಾಲು,
ಅಪ್ಪನ ರಾತ್ರಿ ಪಾಳಿಯ ಬುತ್ತಿಗಂಟು ಕಂಬಕ್ಕೆ ತೂಗುಹಾಕಿ.

ಅರ್ಧ ತಾಸು ಆಡಿದರು ಇಬ್ಬರೂ, ಮಾತಿಲ್ಲ.
ಹುಡುಗ ಹಾರಿದ, ಹಾರಿದ, ಮತ್ತೆ ಹಾರಿದ,
ಪ್ರತಿ ಸಲ ಚೆಂಡು ಬೀಳುವ ಜಾಗದಲ್ಲಿ
ಆ ಮನುಷ್ಯ ಆಗಲೇ ನಿಂತಿದ್ದ,
ಸಂತೆಯ ಬಸ್ಸಿಗೆ ಕಾಯುವವನ ಹಾಗೆ.
ಏಳನೇ ಸಲ ಹುಡುಗ ಹಾರಲಿಲ್ಲ.
ಒಂದು ಹೆಜ್ಜೆ ಸರಿದು, ತನ್ನ ಬೆನ್ನು ಕೊಟ್ಟು, ನಿಂತ.
ಚೆಂಡು ತಾನಾಗಿ ಕೈಗೆ ಬಂತು.
ಸಾಳುಂಖೆ ಮೊಣಕಾಲು ತಿಕ್ಕಿಕೊಳ್ಳುತ್ತ ಮರಾಠಿಯಲ್ಲಿ ಏನೋ ಬೈದ,
ಬೈಗಳ ನಗುತ್ತಿತ್ತು.

ಆಮೇಲೆ ಮಲಕಪ್ಪ ನನ್ನ ಹತ್ತಿರ ಬಂದ.
ಅವನನ್ನು ಯಾರೂ ಕೇಳಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು.
"ಸರ್ರ, ಮಿರಜದಾಗ
ರಿಂಗಿಗೆ ಜಾಳಿಗಿ ಐತೇನ್ರಿ?"

ಈಗ ಕೈ ಎತ್ತಿಸಿದ್ದೇವೆ. ಆಕಡೆ ಮೂರು, ಈಕಡೆ ಮೂರು.
ಆರೂ ಮುಖ ನನ್ನ ಕಡೆ.
ಪೆನ್ನಿನ ಮುಳ್ಳು ಒಣಗಿತ್ತು, ಅಂಗೈ ಮೇಲೆ ಗೀಚಿ ನೋಡಿ ಬರೆದೆ:

ಠರಾವು ನಂಬರ್ ಹನ್ನೊಂದು.
ನಮ್ಮ ಅಂಗಳದ ಎರಡೂ ರಿಂಗಿಗೆ ಜಾಳಿಗಿ ಕಟ್ಟಿಸುವುದು.
ಖರ್ಚು ಇನ್ನೂರಾ ಎಂಬತ್ತು ರೂಪಾಯಿ.
ಸರ್ವಾನುಮತ.

ಠರಾವು ನಂಬರ್ ಹನ್ನೆರಡು.

ಅದರ ಮುಂದೆ ಜಾಗ ಬಿಟ್ಟು ಪುಸ್ತಕ ಸರಿಸಿದೆ.
ಶಂಕ್ರೆಪ್ಪನವರು ಚಾಳೀಸು ಹುಡುಕಲಿಲ್ಲ,
ಎಲ್ಲರಿಗಿಂತ ಮೊದಲು ಸಹಿ ಹಾಕಿದರು,
ಖಾಲಿ ಸಾಲಿನ ಮೇಲೂ ಒಂದಿಷ್ಟು ಶಾಯಿ ಹರಿಯಿತು.